ಮಿತಾಹಾರದಲ್ಲಿ ಬಿಡುವಿನ ದಿನ

ಮೈತೂಕವನ್ನು ಇಳಿಸುವುದಕ್ಕೆಂದು ಊಟದಲ್ಲಿ ಮಿತಿಯನ್ನು ಕೈಕೊಂಡ ಗೃಹಸ್ಥನು ನಡುವೆ ಒಂದು ದಿನ ನಾಲಗೆಗೆ ಬಿಡುವು ಕೊಡಬಹುದೇ ಕೂಡದೇ ಎಂಬುದು ಮೇಲುನೋಟಕ್ಕೆ ಅಡಿಗೆಮನೆಯ ಪ್ರಶ್ನೆ. ವೈದ್ಯನ ಪ್ರಶ್ನೆ ಎಂದರೂ ಸಲ್ಲುವುದು. ಆದರೆ ಇಂಥ ನಿಯಮದ ಹಿಂದೆ ಮನುಷ್ಯನು ತನಗೆ ತಾನೇ ಕೊಟ್ಟುಕೊಂಡ ಮಾತೊಂದಿರುತ್ತದೆ. ಆ ಮಾತನ್ನು ಸಡಿಲಿಸುವ ಅಧಿಕಾರ ಯಾರದು, ಎಷ್ಟರ ಮಟ್ಟಿಗೆ, ಯಾವ ಹೊತ್ತಿನಲ್ಲಿ ಎಂದು ಕೇಳತೊಡಗಿದೊಡನೆ ಪ್ರಶ್ನೆಯು ಆಚಾರದ ಅಂಗಳಕ್ಕೆ ಬಂದು ನಿಲ್ಲುತ್ತದೆ.

ಅಂಕೋಲಾ ತಾಲೂಕಿನ ಹಟ್ಟಿಕೇರಿಯಂಥ ಊರಿನಲ್ಲಿ, ಧಾರವಾಡದ ಕಡೆಯಿಂದ ನೌಕರಿಯ ನಿಮಿತ್ತ ಘಟ್ಟವಿಳಿದು ಬಂದು ನೆಲೆಸಿದ ಲಿಂಗವಂತ ಗೃಹಸ್ಥನೊಬ್ಬನಿರುವನೆಂದು ಭಾವಿಸಬಹುದು. ವಯಸ್ಸು ಐವತ್ತರ ಆಸುಪಾಸು; ಕುಳಿತು ಮಾಡುವ ಕೆಲಸ. ಎತ್ತರ 165 ಸೆಂಟಿಮೀಟರು, ತೂಕ 78 ಕಿಲೋ. ಭಾರತೀಯರ ಮೈಕಟ್ಟಿಗೆಂದು ವೈದ್ಯರು 2009ರಲ್ಲಿ ಗೊತ್ತುಪಡಿಸಿದ ಅಳತೆಯಂತೆ ಆ ಎತ್ತರದವನು 68 ಕಿಲೋ ದಾಟಿದರೆ ಸ್ಥೂಲನೆಂದೇ ಎಣಿಕೆ. ಅವನ ತಂದೆಗೆ ಸಕ್ಕರೆಯ ರೋಗವಿತ್ತು. ಕಾಲಿನ ಹುಣ್ಣು ಮಾಯದೆ ಕಡೆಗೆ ಕಾಲನ್ನೇ ತೆಗೆಯಬೇಕಾಯಿತು. ಮಗನು ಅದನ್ನು ಕಣ್ಣಾರೆ ಕಂಡವನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿತು. ಆದುದರಿಂದ ಈ ಗೃಹಸ್ಥನ ನಿಯಮವು ಕನ್ನಡಿಯ ಮುಂದಿನ ಶೃಂಗಾರಕ್ಕಾಗಿ ಹಿಡಿದದ್ದಲ್ಲ.

ಚೈತ್ರಮಾಸವು ಹೇಗೋ ಕಳೆಯಿತು. ವೈಶಾಖದಲ್ಲಿ ಕಷ್ಟ ಮೊದಲಾಯಿತು. ಬಸವಜಯಂತಿಯ ಹೋಳಿಗೆ, ಅಂಕೋಲೆಯ ಬಂಡಿಹಬ್ಬ, ಊರಕಡೆಯ ಮದುವೆಗಳು, ಎಲ್ಲವೂ ಒಂದರ ಬೆನ್ನಿಗೊಂದು. ಇವಕ್ಕೆಲ್ಲ ಕಲಶವಿಟ್ಟಂತೆ ಅಂಕೋಲೆಯ ಕರಿ ಈಶಾಡು ಮಾವು. ತೆಳುಸಿಪ್ಪೆಯ, ತುಂಬುತಿರುಳಿನ, ಬಹುದಿನ ತಾಳದ ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಕೆಲವೇ ವಾರಗಳ ಸುಗ್ಗಿ. ಬುಟ್ಟಿಯ ಪರಿಮಳ ಮೂಗಿಗೆ ತಾಗಿದಾಗ ಇದನ್ನು ಬಿಟ್ಟರೆ ಇನ್ನು ಬರುವ ವರ್ಷವೇ ಎಂಬ ಯೋಚನೆ ಯಾರಿಗಾದರೂ ಬಂದೀತು. ಬಸವಜಯಂತಿಗೆ ಬಂದ ಅಕ್ಕನು ತಾಟಿನ ಮುಂದೆ ಕುಳಿತು, "ತಮ್ಮಾ, ವರ್ಷಕ್ಕೊಮ್ಮಿ ಬರೂ ಹಬ್ಬ. ಒಂದು ಹೋಳಿಗಿ ತಿಂದ್ರ ಏನಾಗ್ತದ? ನಾಳಿಂದ ಮತ್ತ ಹಿಡಿದೀಯಂತ" ಎಂದಳು. ಹೆಂಡತಿಯೂ, "ಅಕ್ಕಾರು ಅಷ್ಟು ಹೇಳಾಕತ್ತಾರ, ಇವತ್ತೊಂದು ದಿನ ಇರಲಿ ಬಿಡ್ರಿ" ಎಂದಳು.

ಅವನು ಏನು ಮಾಡಬೇಕು?

ಮಾತು ಎಂದ ಮೇಲೆ ಮಾತು, ಹಬ್ಬವಿರಲಿ ಅಕ್ಕನಿರಲಿ ಅಣುವಷ್ಟೂ ಸಡಿಲಿಸಲಾಗದು ಎನ್ನುವವರುಂಟು. ಇವರ ಮಾತಿನಲ್ಲಿ ಲೆಕ್ಕದ ಬಲವಿದೆ. ಆರು ದಿನ, ದಿನಕ್ಕೆ 500 ಕ್ಯಾಲೊರಿಯಂತೆ ಕಡಿಮೆ ಉಂಡವನ ಉಳಿತಾಯ 3000. ಏಳನೆಯ ದಿನ ಬಿಡುವೆಂದು ಮೈಗೆ ಬೇಕಾದುದಕ್ಕಿಂತ 1500ರಷ್ಟು ಹೆಚ್ಚು ಉಂಡರೆ ವಾರದ ಅರ್ಧ ಗಳಿಕೆ ಒಂದೇ ಪಂಕ್ತಿಯಲ್ಲಿ ಕರಗಿತು. ತುಪ್ಪ ಹಾಕಿದ ಹೋಳಿಗೆಯ ಮುಂದೆ 1500 ಬಹಳ ದೂರದ ಸಂಖ್ಯೆಯೇನೂ ಅಲ್ಲ.

ಆದರೆ ಕಟ್ಟುನಿಟ್ಟಿನವರು ಗಮನಿಸದ ಸಂಗತಿಯೂ ಒಂದಿದೆ. ಅಮೆರಿಕೆಯ ಮಿನ್ನೆಸೋಟದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 36 ಜನ ತರುಣ ಸ್ವಯಂಸೇವಕರನ್ನು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದನು. ಮೈ ಸೊರಗಿದಂತೆ ಅವರ ಮನಸ್ಸು ಅನ್ನದ ಸುತ್ತಲೇ ಗಿರಕಿ ಹೊಡೆಯತೊಡಗಿತು. ಅಡಿಗೆಯ ಪುಸ್ತಕಗಳನ್ನು ಓದುತ್ತ ಕುಳಿತವರೂ ಅವರಲ್ಲಿದ್ದರು. ಅನ್ನವನ್ನು ಜಯಿಸಹೋದವನು ಹಗಲಿರುಳೂ ಅನ್ನವನ್ನೇ ಧ್ಯಾನಿಸುವಂತಾದರೆ ಗೆದ್ದವರು ಯಾರು? ಅತಿಯಾಗಿ ಉಣ್ಣುವವನಿಗೂ ಉಣ್ಣದೆಯೇ ಇರುವವನಿಗೂ ಯೋಗವಿಲ್ಲವೆಂದು ಭಗವದ್ಗೀತೆಯು ಹೇಳುವುದು ಇದನ್ನರಿತೇ. ಶರಣರೂ ಕಾಯವನ್ನು ದಂಡಿಸುವ ದಾರಿಯನ್ನು ಹಿಡಿದವರಲ್ಲ. ಕಾಯಕ ಮಾಡಬೇಕಾದ ಮೈ ಅದು. ಲಿಂಗಕ್ಕೆ ನೆಲೆಯಾದ ಮೈ ಅದು. ಅದನ್ನು ಉಬ್ಬಿಸುವುದು ಹೇಗೆ ಸಲ್ಲದೋ ಬತ್ತಿಸುವುದೂ ಹಾಗೆಯೇ ಸಲ್ಲದು.

ವೈದ್ಯಶಾಸ್ತ್ರದಲ್ಲಿಯೂ ಇದಕ್ಕೆ ಆಧಾರವುಂಟು. ಅಹಿತವಾದ ಅಭ್ಯಾಸವನ್ನು ಒಮ್ಮೆಲೇ ಕಿತ್ತೊಗೆಯದೆ, ಕಾಲುಭಾಗದಂತೆ, ನಡುನಡುವೆ ದಿನಗಳ ಅಂತರವಿಟ್ಟು ಬಿಡುತ್ತ ಬರಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನವು ವಿಧಿಸುತ್ತದೆ. ಪಾದಾಂಶಕ್ರಮವೆಂದು ಇದಕ್ಕೆ ಹೆಸರು. ಇದನ್ನೋದಿ ಬಿಡುವಿನ ಪಕ್ಷದವರು ಹಿಗ್ಗಬಹುದು. ಆದರೆ ಮೆಟ್ಟಿಲುಗಳು ಇಳಿಯುತ್ತಲೇ ಹೋಗಬೇಕೆಂಬುದು ಅಲ್ಲಿಯ ಕಟ್ಟಳೆ. ನಾಲ್ಕು ಮೆಟ್ಟಿಲಿಳಿದವನು ಹಬ್ಬದ ನೆಪದಲ್ಲಿ ಮತ್ತೆ ಅಟ್ಟ ಹತ್ತಿ ಕೂಡುವುದಕ್ಕೆ ಚರಕನ ಒಪ್ಪಿಗೆಯಿಲ್ಲ.

ಈಚಿನ ಪರೀಕ್ಷೆಗಳಲ್ಲಿ ಎರಡು ವಿಚಾರಾರ್ಹವಾಗಿವೆ. ಆಸ್ಟ್ರೇಲಿಯದ ಸಂಶೋಧಕರು 51 ಜನ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ 16 ವಾರ ಎಡೆಬಿಡದ ಮಿತಾಹಾರವನ್ನೂ ಇನ್ನೊಂದಕ್ಕೆ ಎರಡು ವಾರ ಮಿತಾಹಾರ, ಎರಡು ವಾರ ಬಿಡುವು ಎಂಬ ಕ್ರಮದಲ್ಲಿ ಅಷ್ಟೇ 16 ವಾರಗಳ ಮಿತಾಹಾರವನ್ನೂ ಕೊಟ್ಟರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬಿಡುವು ಪಡೆದವರು ಸರಾಸರಿ 14 ಕಿಲೋ, ಬಿಡುವಿಲ್ಲದವರು 9 ಕಿಲೋ ಇಳಿದಿದ್ದರು. ಬೇರೆ ಬಗೆಯ ಜನರ ಮೇಲೆ ಆಮೇಲೆ ನಡೆದ ಪ್ರಯೋಗಗಳಲ್ಲಿ ಈ ಅಂತರ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಅದಿರಲಿ, ಆ ಬಿಡುವೆಂದರೇನು? ತೂಕ ಏರದೆ ಇಳಿಯದೆ ನಿಲ್ಲುವಷ್ಟು ಅಳೆದು ಕೊಟ್ಟ ಊಟ. ಮನಬಂದಂತೆ ಉಂಡ ದಿನಗಳಲ್ಲ. ಯಾವ ವಾರ ಬಿಡುವು ಎಂಬುದು ಮೊದಲ ದಿನವೇ ನಿಶ್ಚಯವಾಗಿತ್ತು.

ಇದಕ್ಕಿಂತ ಹಳೆಯದಾದ ಇನ್ನೊಂದು ಪ್ರಯೋಗವು ಮನಸ್ಸಿನ ಗುಟ್ಟನ್ನು ಚೆನ್ನಾಗಿ ತೆರೆದಿಡುತ್ತದೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದು ಅದು. ಜನರಿಗೆ ಮೊದಲು ಸಿಹಿಯಾದ ಹಾಲಿನ ಪಾನಕವನ್ನು ಕುಡಿಸಿ, ಬಳಿಕ ಐಸ್‌ಕ್ರೀಮಿನ ರುಚಿ ನೋಡಿ ಹೇಳಿರೆಂದು ಬೇಕಾದಷ್ಟು ಮುಂದಿಟ್ಟರು. ಪಥ್ಯವಿಲ್ಲದವರು ಪಾನಕ ಕುಡಿದ ಮೇಲೆ ಐಸ್‌ಕ್ರೀಮನ್ನು ಕಡಿಮೆ ತಿಂದರು, ಅದು ಸಹಜ. ಪಥ್ಯ ಹಿಡಿದವರು ಪಾನಕ ಕುಡಿಯದಿದ್ದಾಗ ಹಿಡಿತದಲ್ಲಿದ್ದು, ಕುಡಿದಾಗ ಹೆಚ್ಚು ತಿಂದರು! ನಿಯಮವು ಹೇಗೂ ಮುರಿಯಿತು, ಇನ್ನು ಹಿಡಿದೇನು ಎಂಬ ಭಾವ. ಒಂದು ಹೋಳಿಗೆ ಮೈಯನ್ನು ಅಷ್ಟಾಗಿ ಕೆಡಿಸದು. ಹೋದದ್ದು ಹೋಯಿತೆಂಬ ಮಾತು ಎರಡನೆಯ ಹೋಳಿಗೆಯನ್ನೂ ಮೂರನೆಯದನ್ನೂ ತರುತ್ತದೆ. ಮುಂದಿನ ಸೋಮವಾರದವರೆಗಿನ ಎಲ್ಲವನ್ನೂ ತರುತ್ತದೆ.

ಷಟ್‌ಸ್ಥಲದಲ್ಲಿ ಮಹೇಶನಿಗೆ ನಿಷ್ಠೆಯನ್ನೂ ಪ್ರಸಾದಿಗೆ ಅವಧಾನವನ್ನೂ ಹೇಳಿದೆ. ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದ ಎಷ್ಟೋ ತೊಡಕು. ನಿಷ್ಠೆಯು ಹಿಡಿದುದನ್ನು ಬಿಡದು. ಅವಧಾನವು ಹಿಡಿದದ್ದೇನು, ಬಾಯಿಗೆ ಬರುತ್ತಿರುವುದೇನು, ಕೈ ಏಕೆ ಚಾಚಿತು ಎಂದು ತುತ್ತುತುತ್ತಿಗೂ ಎಚ್ಚತ್ತಿರುವುದು. ಅವಧಾನವಿಲ್ಲದ ನಿಷ್ಠೆಯು ಗಾಜಿನ ಬಳೆಯಂತೆ. ಮೊದಲ ಪೆಟ್ಟಿಗೇ ಚೂರು. ಐಸ್‌ಕ್ರೀಮಿನ ಮುಂದೆ ಕುಳಿತ ಆ ಪಥ್ಯದವರಿಗೆ ನಿಷ್ಠೆ ಇರಲಿಲ್ಲವೆನ್ನಲಾಗದು. ನಿಷ್ಠೆ ಮುರಿದೊಡನೆ ಹಿಡಿಯುವುದಕ್ಕೆ ಬೇರೆ ಏನೂ ಇರಲಿಲ್ಲ.

ಹಟ್ಟಿಕೇರಿಯವರಿಗೆ ದಿನವೂ ಕಣ್ಣಿಗೆ ಬೀಳುವ ದೃಷ್ಟಾಂತವೊಂದಿದೆ. ಅಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಟೋಲ್ ನಾಕೆ ಇದೆ. ಹಿಂದಿನವರ ಮಾತಿನಲ್ಲಿ ಸುಂಕದ ಕಟ್ಟೆ. ಸುಂಕದ ವಿನಾಯಿತಿ ಯಾರಿಗೆಂಬುದನ್ನು ಇಂಥ ನಾಕೆಗಳಲ್ಲಿ ಮೊದಲೇ ಫಲಕದಲ್ಲಿ ಬರೆದಿರುತ್ತದೆ. ರೋಗಿಯನ್ನು ಹೊತ್ತ ಆಂಬುಲೆನ್ಸು ಬಂದರೆ ದಾರಿ ಬಿಡುತ್ತಾರೆ. ಅದರಿಂದ ನಾಕೆಯ ನಿಯಮ ಮುರಿಯಿತೆಂದು ಯಾರೂ ಹೇಳುವುದಿಲ್ಲ. ವಿನಾಯಿತಿಯೂ ನಿಯಮದ ಒಂದು ಸಾಲು. ಆದರೆ ಕಂಬದ ಮುಂದೆ ಬಂದು ನಿಂತ ಚಾಲಕನು ಇಂದು ತನಗೆ ಬೇಸರವಾಗಿದೆ, ವಿನಾಯಿತಿ ಕೊಡಿರಿ ಎಂದರೆ? ನಾಲಗೆಯು ಬೇಡುವ ಬಿಡುವು ಬಹುಮಟ್ಟಿಗೆ ಈ ಜಾತಿಯದು. ತಾಟಿನ ಮುಂದೆ ಹುಟ್ಟಿ ತಾಟಿನ ಮುಂದೆಯೇ ತೀರ್ಪನ್ನು ಕೇಳುತ್ತದೆ. ಅಲ್ಲಿ ವಾದಿಯೂ ನಾಲಗೆ, ನ್ಯಾಯಾಧೀಶನೂ ನಾಲಗೆ. ವಚನಕಾರರಲ್ಲಿ ಸುಂಕದ ಬಂಕಣ್ಣನೆಂಬವನು ತನ್ನ ಸುಂಕದ ಕಾಯಕದ ಪರಿಭಾಷೆಯಲ್ಲಿಯೇ ಅಧ್ಯಾತ್ಮವನ್ನು ನುಡಿದನು. ಕಟ್ಟೆಯ ಮೇಲೆ ಕುಳಿತವನಿಗೆ ಬರುವವರ ನೆವಗಳೆಲ್ಲ ಬಾಯಿಪಾಠವಾಗಿರಬೇಕು.

ಹಾಗಾದರೆ ಆ ಗೃಹಸ್ಥನು ಚೈತ್ರದಲ್ಲಿ ನಿಯಮ ಹಿಡಿಯುವಾಗಲೇ, ಬಸವಜಯಂತಿಗೆ ಒಂದು ಹೋಳಿಗೆ, ಈಶಾಡಿನ ಸುಗ್ಗಿಯಲ್ಲಿ ವಾರಕ್ಕೆ ಎರಡು ಹಣ್ಣು, ಆ ದಿನ ಅಷ್ಟು ಅನ್ನ ಕಡಿಮೆ ಎಂದು ಗೊತ್ತುಮಾಡಿಕೊಂಡಿದ್ದರೆ ಅಕ್ಕನ ಮಾತಿನಿಂದ ಅವನಿಗೆ ಯಾವ ಸಂಕಟವೂ ಆಗುತ್ತಿರಲಿಲ್ಲ. ಒಂದನ್ನು ಉಂಡು, ಎರಡನೆಯದಕ್ಕೆ ಕೈಮುಗಿಯುತ್ತಿದ್ದನು. ಅದು ವ್ರತಭಂಗವಲ್ಲ, ವ್ರತದ ಒಂದಂಗ. ಬಿಡುವನ್ನು ಬಹುಮಾನವೆಂದು ಕರೆಯುವುದು ಮಾತ್ರ ತಪ್ಪು. ಏಳನೆಯ ದಿನ ಬಹುಮಾನವಾದರೆ ಉಳಿದ ಆರು ದಿನಗಳು ಶಿಕ್ಷೆಯಾಗಿಬಿಡುತ್ತವೆ. ಲಿಂಗಕ್ಕೆ ಅರ್ಪಿಸಿ ಉಣ್ಣುವವನ ಮನೆಯಲ್ಲಿ ಜೋಳದ ರೊಟ್ಟಿಯೂ ಪ್ರಸಾದ, ಹೋಳಿಗೆಯೂ ಪ್ರಸಾದ. ಒಂದನ್ನು ಸೆರೆಮನೆಯ ಅನ್ನದಂತೆಯೂ ಇನ್ನೊಂದನ್ನು ಬಿಡುಗಡೆಯಂತೆಯೂ ಕಾಣುವುದಕ್ಕೆ ಅಲ್ಲಿ ಎಡೆಯೆಲ್ಲಿ?

ಪ್ರಸಾದದ ಮಾತು ಬಂದುದರಿಂದ ಲಿಂಗವಂತರ ಮನೆಗಳ ಒಂದು ವಿಶೇಷ ತೊಡಕನ್ನು ಹೇಳಲೇಬೇಕು. ತಾಟಿಗೆ ಬಂದ ಪ್ರಸಾದವನ್ನು ಚೆಲ್ಲಬಾರದು. ತಾಟನ್ನು ತೊಳೆದು ಆ ನೀರನ್ನೂ ಕುಡಿಯುವ ಹಿರಿಯರು ಇಂದಿಗೂ ಉಂಟು. ಅನ್ನದ ಮೇಲಿನ ಈ ಗೌರವವು ಎಷ್ಟು ಕೊಂಡಾಡಿದರೂ ತೀರದು. ಆದರೆ ಇದೇ ಗೌರವದ ಹೆಸರಿನಲ್ಲಿ ಎಷ್ಟೋ ಮಂದಿ ಹೊಟ್ಟೆ ತುಂಬಿದ ಮೇಲೂ ಉಣ್ಣುತ್ತಾರೆ. ಗಂಡಸರಿಗಿಂತ ಹೆಂಗಸರ ಪಾಡು ಹೆಚ್ಚಿನದು. ಮಕ್ಕಳು ಬಿಟ್ಟದ್ದು, ಪಾತ್ರೆಯಲ್ಲಿ ಮಿಕ್ಕದ್ದು, ನಾಳೆಗೆ ಹಳಸುವುದು, ಎಲ್ಲವೂ ಮನೆಯೊಡತಿಯ ಹೊಟ್ಟೆಗೆ. ಅವಳು ಒಂದು ದಿನವೂ ಬಿಡುವು ಬೇಡಿದವಳಲ್ಲ, ಒಂದು ಹೋಳಿಗೆಯನ್ನೂ ಆಸೆಪಟ್ಟು ತಿಂದವಳಲ್ಲ. ಆದರೂ ಮೈ ಭಾರವಾಗುತ್ತಲೇ ಇದೆ. ಅವಳನ್ನು ನಾಲಗೆಯ ಚಾಪಲ್ಯದವಳೆಂದು ಜರೆಯುವುದು ಅನ್ಯಾಯ. ಅಲ್ಲಿ ತಪ್ಪು ಉಣ್ಣುವ ಹೊತ್ತಿನದಲ್ಲ, ಬಡಿಸುವ ಹೊತ್ತಿನದು. ಇನ್ನೂ ಹಿಂದಕ್ಕೆ ಹೋದರೆ ಅಕ್ಕಿ ಅಳೆಯುವ ಹೊತ್ತಿನದು. ತಾಟಿಗೆ ಬಿದ್ದ ಮೇಲೆ ಪ್ರಸಾದ ಮತ್ತು ಆರೋಗ್ಯ ಎರಡನ್ನೂ ಉಳಿಸುವುದು ಕಠಿನ. ಸೌಟು ಮೇಲಿರುವಾಗ ಸಾಕೆಂದರೆ ಎರಡೂ ಉಳಿದಾವು. ಮಿಕ್ಕುದನ್ನು ತಿಂದು ಮುಗಿಸುವ ಭಾರವನ್ನು ಒಬ್ಬಳ ಮೇಲೆ ಹೊರಿಸಿ, ಅವಳ ತೂಕದ ವಿಷಯದಲ್ಲಿ ಹಾಸ್ಯ ಮಾಡುವ ಮನೆಮಂದಿ ಈ ಮಾತನ್ನು ಯೋಚಿಸಬೇಕು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಭಕ್ತರೆಲ್ಲ ಬಲ್ಲರು. ಚೆಲ್ಲಿದ ಅಕ್ಕಿಯನ್ನಾಯ್ದು ತರುವುದು ಅವನ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಕಂಡು ಹೆಚ್ಚಾಗಿಯೇ ಆಯ್ದು ತಂದನು. ಲಕ್ಕಮ್ಮನು ಅದನ್ನು ಅಡಿಗೆಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಸಾಮಾನ್ಯವಾಗಿ ಈ ಕಥೆಯನ್ನು ಅಪರಿಗ್ರಹಕ್ಕೆ ಉದಾಹರಿಸುವರು. ಅಳತೆಯನ್ನು ನಿಶ್ಚಯಿಸುವುದು ಮನೆಯ ಅಗತ್ಯವೇ ಹೊರತು ಅಂಗಳದಲ್ಲಿ ಬಿದ್ದಿರುವ ಅಕ್ಕಿಯಲ್ಲ ಎಂಬುದೂ ಅದರಲ್ಲಿದೆ. ಇಂದು ಹೆಚ್ಚು ದೊರೆಯಿತೆಂಬುದು ಇಂದು ಹೆಚ್ಚು ಉಣ್ಣುವುದಕ್ಕೆ ಕಾರಣವಾಗದು. ಆದರೂ ಅದೇ ದಂಪತಿಗಳು ದಾಸೋಹದಲ್ಲಿ ಹಿಂದೆಗೆದವರಲ್ಲ. ಸ್ವಂತಕ್ಕೆ ಮಿತಿ, ಬಂದವರಿಗೆ ತೃಪ್ತಿ. ಇಂದಿನ ಮನೆಗಳಲ್ಲಿ ಇದು ತಿರುಗಿ, ಬಂದವನಿಗೆ ಬೇಡವೆಂದರೂ ಬಡಿಸುವುದೇ ಆದರವೆಂದಾಗಿದೆ. ಪಥ್ಯದವನೆಂದು ತಿಳಿದೂ ತಿಳಿದೂ ಆಣೆಯಿಟ್ಟು ಬಡಿಸುವವರ ಪ್ರೀತಿ ದೊಡ್ಡದಿರಬಹುದು, ವಿವೇಕ ದೊಡ್ಡದಲ್ಲ.

ಎಲ್ಲರಿಗೂ ಒಂದೇ ಅಳತೆ ಸಲ್ಲದೆಂಬುದನ್ನೂ ಮರೆಯಬಾರದು. ಒಂದು ತುಂಡು ಬಾಯಿಗೆ ಬಿದ್ದರೆ ಡಬ್ಬಿ ಬರಿದಾಗುವವರೆಗೆ ನಿಲ್ಲದ ಸ್ವಭಾವದವರಿದ್ದಾರೆ. ಅವರಿಗೆ ಮೊದಲೇ ಗೊತ್ತುಮಾಡಿದ ಬಿಡುವೂ ಅಪಾಯವೇ. ಆ ಒಂದು ಪದಾರ್ಥವನ್ನು ಪೂರ್ತಿ ಬಿಡುವುದೇ ಅವರಿಗೆ ಸುಲಭ. ತನ್ನನ್ನು ತಾನು ಇಂಥವನೆಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆಯ ರೋಗಕ್ಕೆ ಮಾತ್ರೆ ನುಂಗುವವರು ಊಟ ಬಿಡುವುದಾಗಲಿ ಹಬ್ಬದೂಟ ಮಾಡುವುದಾಗಲಿ ವೈದ್ಯನ ಸಲಹೆಯಿಲ್ಲದೆ ಸಲ್ಲದು. ಅಲ್ಲಿ ಧರ್ಮವಿಚಾರಕ್ಕೆ ಕೆಲಸವಿಲ್ಲ.

ಆ ಗೃಹಸ್ಥನ ಸಂಗತಿಯನ್ನು ಅರ್ಧಕ್ಕೆ ಬಿಟ್ಟಂತಾಯಿತು. ಅವನು ಚೈತ್ರದಲ್ಲಿ ಏನನ್ನೂ ಗೊತ್ತುಮಾಡಿಕೊಂಡಿರಲಿಲ್ಲ. ಅಕ್ಕನ ಮುಖ ನೋಡಿ ಒಂದು ಉಂಡನು. ಮೇಲೆ ಎರಡು ತಾನಾಗಿಯೇ ಹಾಕಿಸಿಕೊಂಡನು. ಕೈತೊಳೆದು ಎದ್ದಾಗ ತಂದೆಯ ಕಾಲು ನೆನಪಾಯಿತು. ಹೋದದ್ದು ಹೋಯಿತು, ಸೋಮವಾರದಿಂದ ನೋಡೋಣ ಎಂಬ ಮಾತು ತುಟಿಯವರೆಗೆ ಬಂದಿತ್ತು. ಅಂದು ಬಸವಜಯಂತಿ, ಸೋಮವಾರಕ್ಕೆ ಇನ್ನೂ ನಾಲ್ಕು ದಿನ. ಸಂಜೆ ಹೆಂಡತಿಯು, "ರಾತ್ರಿಗೆ ಏನು ಮಾಡ್ಲಿರಿ?" ಎಂದು ಕೇಳಿದಳು. "ದಿನದ್ದs ಮಾಡು. ಒಂದು ರೊಟ್ಟಿ, ಪಲ್ಯ. ಈಶಾಡಿನ ಹಣ್ಣು ಮುಂದಿನ ವಾರ ಎರಡು ತರೂಣು, ಹೆಚ್ಚು ಬ್ಯಾಡ" ಎಂದು ಹೇಳಿ, ಅಕ್ಕನನ್ನು ಬಸ್ಸಿಗೆ ಬಿಡಲು ಹೆದ್ದಾರಿಯವರೆಗೆ ನಡೆದುಕೊಂಡೇ ಹೋದನು.