ಮೂರು ತಾಲ್ಲೂಕಿಗೆ ಒಂದೇ ಲೋಗೊ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲ್ಲೂಕಿಗೆ ಸೇರಿ ಒಂದೇ ಲೋಗೊ ಮಾಡಿಕೊಂಡು ಬನ್ನಿ ಎಂದು ವಿನ್ಯಾಸದ ತರಗತಿಯೊಂದರಲ್ಲಿ ಮೂವರಿಗೆ ಗ್ರೂಪ್ ಪ್ರಾಜೆಕ್ಟ್ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಊರಿಗೊಬ್ಬರಂತೆ ಮೂವರು. ತರಗತಿ ಕಲ್ಪಿತ, ಊರುಗಳ ಸಂಗತಿ ನಿಜ.

ಸಿಂಧನೂರಿನ ಹುಡುಗನಿಗೆ ಭತ್ತದ ತೆನೆಯೇ ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳದ ಸೀಮೆ ಗದ್ದೆಯಾಯಿತು, ರೈಸ್ ಮಿಲ್ಲುಗಳು ಎದ್ದವು. ಲಿಂಗಸುಗೂರಿನ ಹುಡುಗಿಗೆ ಹಟ್ಟಿಯ ಚಿನ್ನ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದಲ್ಲಿ ಹೇಳಿಕೊಳ್ಳುವಂಥ ಚಿನ್ನದ ಗಣಿ ಎಂದರೆ ಹಟ್ಟಿಯದೇ. ಮಸ್ಕಿಯವನಿಗೆ ಅಶೋಕನ ಶಾಸನವೇ ಆಗಬೇಕು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಈ ಬಂಡೆಗಲ್ಲಿನ ಬರಹವನ್ನು ಪತ್ತೆ ಮಾಡಿದ. ಅಲ್ಲಿಯವರೆಗೆ ಸಿಕ್ಕ ಅಶೋಕನ ಶಾಸನಗಳಲ್ಲಿ 'ದೇವಾನಾಂಪ್ರಿಯ'ದಂಥ ಬಿರುದುಗಳಷ್ಟೇ ಇದ್ದವು. ಅವುಗಳಲ್ಲಿ ಅಶೋಕ ಎಂಬ ಹೆಸರೇ ಮೊದಲು ಓದಸಿಕ್ಕಿದ್ದು ಇಲ್ಲಿ. ಚಿನ್ನದ ಸೀಮೆಗೆ ಬಂದ ಗಣಿಗಾರನ ಕಣ್ಣಿಗೆ ಬಿದ್ದದ್ದು ಚಕ್ರವರ್ತಿಯ ಹೆಸರು!

ಮೂವರೂ ತಂತಮ್ಮ ಊರಿಗೇ ಕೈ ಎತ್ತಿದರೆ ತಲಾ ಒಂದು ಮತ. ಹೋಗಲಿ, ಎರಡನೆಯ ಆಯ್ಕೆಯನ್ನೂ ಹೇಳಿ ಎಂದರೆ? ಸಿಂಧನೂರಿನವನು, ಯಾರಿಗೂ ಓದಲು ಬಾರದ ಬ್ರಾಹ್ಮಿ ಲಿಪಿಗಿಂತ ಚಿನ್ನವೇ ವಾಸಿ ಎನ್ನುತ್ತಾನೆ. ಲಿಂಗಸುಗೂರಿನವಳಿಗೆ ಶಾಸನವೂ ತನ್ನದೇ, ಏಕೆಂದರೆ ಮೊನ್ನೆ ಮೊನ್ನೆಯವರೆಗೆ ಮಸ್ಕಿ ಲಿಂಗಸುಗೂರು ತಾಲ್ಲೂಕಿನ ಊರು. ಭತ್ತವೋ ಅವಳಿಗೆ ಕಾಲುವೆಯವರ ಸೊತ್ತು. ಮಸ್ಕಿಯವನ ಪ್ರಕಾರ ಅನ್ನ ಎಲ್ಲರ ತಟ್ಟೆಗೂ ಬರುತ್ತದೆ, ಚಿನ್ನ ಬರುವುದಿಲ್ಲ. ಈಗ ಎರಡೆರಡನ್ನೇ ಎದುರುಬದುರು ನಿಲ್ಲಿಸಿ ಎಣಿಸಿ ನೋಡಿ. ಚಿನ್ನದ ಎದುರು ಭತ್ತ ಗೆಲ್ಲುತ್ತದೆ, ಎರಡಕ್ಕೆ ಒಂದು. ಶಾಸನದ ಎದುರು ಚಿನ್ನ ಗೆಲ್ಲುತ್ತದೆ, ಎರಡಕ್ಕೆ ಒಂದು. ಹಾಗಾದರೆ ಭತ್ತಕ್ಕೇ ಪಟ್ಟ ಎನ್ನುವಷ್ಟರಲ್ಲಿ ಭತ್ತದ ಎದುರು ಶಾಸನ ಗೆದ್ದಿರುತ್ತದೆ, ಅದೂ ಎರಡಕ್ಕೆ ಒಂದು. ಮೂವರಲ್ಲಿ ಯಾರ ತಲೆಯೂ ಕೆಟ್ಟಿಲ್ಲ. ಗುಂಪಿನ ತಲೆ ಮಾತ್ರ ಗಿರಗಿರ ತಿರುಗುತ್ತಿದೆ.

ಫ್ರಾನ್ಸಿನ ಚಿಂತಕ ಕೊಂಡಾರ್ಸೆ 1785ರಲ್ಲೇ ಈ ತೊಡಕನ್ನು ತೋರಿಸಿದ್ದ. 1951ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಇದನ್ನು ಇನ್ನಷ್ಟು ಬಿಗಿಯಾಗಿ ಸಾಧಿಸಿದ. ನ್ಯಾಯವೆನ್ನಿಸುವ ಕೆಲವೇ ಷರತ್ತುಗಳನ್ನು ಒಟ್ಟಿಗೆ ಪಾಲಿಸುತ್ತ, ಮೂರೋ ಹೆಚ್ಚೋ ಆಯ್ಕೆಗಳಿರುವಾಗ ಹಲವರ ಇಷ್ಟಗಳಿಂದ ಯಾವಾಗಲೂ ಗೊಂದಲವಿಲ್ಲದ ಒಂದು ಇಷ್ಟವನ್ನು ತೆಗೆಯುವ ಮತದಾನದ ವಿಧಾನವೇ ಇಲ್ಲ ಎಂದ. 'ಗುಂಪಿನ ಅಭಿಪ್ರಾಯ' ಎಂಬುದು ಎಲ್ಲೋ ಮೊದಲೇ ಇದೆ, ಎಣಿಸಿದರೆ ಸಿಗುತ್ತದೆ ಎಂಬ ನಂಬಿಕೆಯ ಬುಡವೇ ಇಲ್ಲಿ ಅಲುಗಾಡುತ್ತದೆ.

ಸಬ್ಮಿಷನ್ ದಿನ ಹತ್ತಿರವಾದಾಗ ಇಂಥ ಗುಂಪುಗಳು ಹಿಡಿಯುವ ದಾರಿ ಎಲ್ಲರಿಗೂ ಗೊತ್ತಿರುವುದೇ. ಒಂದು ವೃತ್ತ, ಅದರೊಳಗೆ ತೆನೆ, ಪಕ್ಕದಲ್ಲಿ ಚಿನ್ನದ ಗಟ್ಟಿ, ಮೇಲೆ ಬ್ರಾಹ್ಮಿ ಅಕ್ಷರ, ಕೆಳಗೆ ಕಾಲುವೆಯ ಅಲೆ. ಜಗಳ ಮುಗಿಯಿತು. ಕೂಡಿ ಬಾಳಿದರೆ ಸ್ವರ್ಗ ಸುಖ. ಈ ಲೋಗೊವನ್ನೊಮ್ಮೆ ಇಪ್ಪತ್ತೈದು ಕೆಜಿ ಅಕ್ಕಿ ಚೀಲದ ಮೇಲೆ ಅಚ್ಚು ಹಾಕಿ ನೋಡಬೇಕು. ಪ್ಲಾಸ್ಟಿಕ್ ನೇಯ್ಗೆಯ ಮೇಲೆ ಸಣ್ಣ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಾಯಿ ಹೊಲಿದಾಗ ಮೇಲಿನ ಅಕ್ಷರ ಮಡಿಕೆಯೊಳಗೆ ಹೋಗುತ್ತದೆ, ಲಾರಿಯಲ್ಲಿ ಒಟ್ಟಿದ ಮೇಲೆ ಹತ್ತು ಅಡಿ ದೂರದಿಂದ ಕಾಣುವುದು ಒಂದು ಹಳದಿ ಮಚ್ಚೆ. ಯಾರೂ ಬೇಡ ಎನ್ನದ, ಯಾರಿಗೂ ಬೇಕಿಲ್ಲದ ಚಿತ್ರ ಅದು.

ಗ್ರೂಪ್ ಪ್ರಾಜೆಕ್ಟ್ ಕೆಟ್ಟರೆ ಮೇಷ್ಟ್ರುಗಳು ಸಾಮಾನ್ಯವಾಗಿ ದೂರುವುದು ಸೋಮಾರಿತನವನ್ನು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಫ್ರೆಂಚ್ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಅಳೆದು 1913ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಎಂಟು ಜನ ಸೇರಿದಾಗ ತಲಾ ಎಳೆತ ಒಬ್ಬನೇ ಎಳೆದದ್ದರ ಸುಮಾರು ಅರ್ಧಕ್ಕೆ ಇಳಿದಿತ್ತು. ಆದರೆ ಹಗ್ಗ ಯಾವ ದಿಕ್ಕಿಗೆ ಎಳೆಯಬೇಕು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಬ್ರ್ಯಾಂಡಿಂಗಿನಲ್ಲಿ ದಿಕ್ಕೇ ವಿವಾದ. ಮೂವರೂ ರಾತ್ರಿಯಿಡೀ ಕೂತು ದುಡಿದರೂ ಮೇಲಿನ ಸುಳಿ ಬಿಡಿಸಿಕೊಳ್ಳುವುದಿಲ್ಲ.

ಹಾಗಿದ್ದರೆ ಕೂಡಿ ಮಾಡಿದ ಒಳ್ಳೆಯ ಗುರುತು ಹುಟ್ಟಿದ್ದಾದರೂ ಹೇಗೆ? ದೂರದರ್ಶನದ್ದನ್ನೇ ನೋಡಿ. ಎಪ್ಪತ್ತರ ದಶಕದಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿ ದೇವಾಶಿಸ್ ಭಟ್ಟಾಚಾರ್ಯ ಒಂದು ಗೋಲದ ಸುತ್ತ ಎರಡು ಬಾಗುಗೆರೆ ಎಳೆದರು. ಗುರು ವಿಕಾಸ್ ಸಾತ್ವಳೇಕರ್ ಅದನ್ನು ಆರಿಸಿಕೊಂಡರು. ಹಲವು ನಮೂನೆಗಳ ನಡುವೆ ಅದಕ್ಕೆ ಒಪ್ಪಿಗೆ ಕೊಟ್ಟವರು ಪ್ರಧಾನಿ ಇಂದಿರಾ ಗಾಂಧಿ. ಅದನ್ನು ಪರದೆಯ ಮೇಲೆ ತಿರುಗಿಸಿದವರು ಬೇರೆ, ರಾಗ ಕೂಡಿಸಿದವರು ಪಂಡಿತ್ ರವಿಶಂಕರ್. ಇಷ್ಟು ಕೈಗಳಿದ್ದರೂ ಗೋಲದೊಳಗೊಂದು ಆಂಟೆನಾ, ಪಕ್ಕದಲ್ಲೊಂದು ವೀಣೆ ಸೇರಲಿಲ್ಲ. ಗೆರೆ ಎಳೆಯುವವರು, ಆರಿಸುವವರು, ಚಲನೆ ಕೊಡುವವರು ಬೇರೆ ಬೇರೆ. ಪ್ರತಿ ಹಂತಕ್ಕೂ ಉತ್ತರ ಹೇಳಬೇಕಾದವರು ಯಾರೆಂಬುದು ಸ್ಪಷ್ಟವಿತ್ತು.

ಅಂದರೆ ಯಜಮಾನಿಕೆಯೇ ಮದ್ದು ಎಂದಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಒಬ್ಬರ ಕೈಗೆ ತೀರ್ಮಾನ ಕೊಡುವುದಕ್ಕೂ ಉಳಿದವರ ಬಾಯಿ ಮುಚ್ಚಿಸುವುದಕ್ಕೂ ಅಂತರವಿದೆ, ಆ ಅಂತರ ನಿಂತಿರುವುದು ಕಾರಣದ ಮೇಲೆ. ನನಗೆ ಭತ್ತ ಇಷ್ಟ ಎಂಬ ಮಾತನ್ನು ಎಣಿಸಬಹುದಷ್ಟೇ. ಭತ್ತ ಇಲ್ಲಿಯವರೆಲ್ಲರನ್ನೂ ಪ್ರತಿನಿಧಿಸುತ್ತದೆ ಎಂದರೆ ಅದನ್ನು ಪರೀಕ್ಷಿಸಬಹುದು. ಕಾಲುವೆಯ ಕೊನೆ ಭಾಗದ ರೈತ ನೀರಿಗಾಗಿ ರಸ್ತೆಗಿಳಿಯುವ ಸೀಮೆಯಿದು. ತುಂಬಿದ ತೆನೆ ಅವನ ಗುರುತು ಹೇಗಾದೀತು? ಮಳೆಯನ್ನೇ ನಂಬಿ ಜೋಳ, ತೊಗರಿ ಬಿತ್ತುವವನು ಆ ಚಿತ್ರದಲ್ಲಿ ಎಲ್ಲಿದ್ದಾನೆ? ಗಣಿಯ ಆಳಕ್ಕೆ ಇಳಿಯುವವನಿಗೆ ಹೊಳೆಯುವ ಗಟ್ಟಿ ತನ್ನದೆನ್ನಿಸುತ್ತದೆಯೇ? ಇಂಥ ಪ್ರಶ್ನೆಗೆ ಮತ ಬದಲಾಗಬಹುದು. ಬದಲಾಗದಿದ್ದರೂ ಸೋತವನಿಗೆ ತಾನು ಯಾಕೆ ಸೋತೆ ಎಂಬುದು ತಿಳಿದಿರುತ್ತದೆ.

ಕಾರಣ ಕೇಳುತ್ತ ಹೋದರೆ ಕೊಟ್ಟ ಪ್ರಶ್ನೆಯೇ ತಪ್ಪಿರಬಹುದು ಎಂಬುದೂ ಹೊಳೆಯುತ್ತದೆ. ಈ ಲೋಗೊ ಎಲ್ಲಿ ಕೂರಬೇಕು? ಅಕ್ಕಿ ಚೀಲದ ಮೇಲೋ, ಶಾಸನ ನೋಡಲು ಬರುವವರಿಗೆ ಬಸ್ ಸ್ಟ್ಯಾಂಡಿನಲ್ಲಿ ದಾರಿ ತೋರಿಸುವ ಫಲಕದ ಮೇಲೋ? ಅಕ್ಕಿ ಕೊಳ್ಳುವವರಿಗೆ ಅಶೋಕನ ಹಂಗಿಲ್ಲ, ಶಾಸನ ನೋಡುವವರಿಗೆ ಸೋನಾ ಮಸೂರಿಯ ಹಂಗಿಲ್ಲ. ಮೂರು ತಾಲ್ಲೂಕಿಗೆ ಒಂದೇ ಲೋಗೊ ಬೇಕಿಲ್ಲ ಎಂಬುದು ಆ ಮೂವರು ತಲುಪಬಹುದಾದ ಅತ್ಯಂತ ಪ್ರಾಮಾಣಿಕ ಉತ್ತರ. ಅದಕ್ಕೆ ಅಂಕ ಕೊಡುವ ಮೇಷ್ಟ್ರು ಸಿಗಬೇಕಷ್ಟೇ.

ಅಂಕದ ಮಾತು ಬಂದಮೇಲೆ ಯಾವ ಕೆಲಸ ಯಾರದು ಎಂಬ ಮಾತೂ ಬರಬೇಕು. ಸಂವಿಧಾನದ ಮೂಲಪ್ರತಿಯನ್ನು ಅಲಂಕರಿಸಿದ್ದು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತವರ ಶಿಷ್ಯರು. ಅಶೋಕನ ಸಿಂಹಗಳನ್ನು ಅದರಲ್ಲಿ ಬರೆದವರು ಆಗಿನ್ನೂ ವಿದ್ಯಾರ್ಥಿಯಾಗಿದ್ದ ದೀನಾನಾಥ ಭಾರ್ಗವ. ಪ್ರಸ್ತಾವನೆಯ ಪುಟದಲ್ಲಿ ಅದನ್ನು ಅಲಂಕರಿಸಿದ ಬ್ಯೋಹಾರ್ ರಾಮ್‌ಮನೋಹರ್ ಸಿನ್ಹಾ ಅವರ ಪುಟ್ಟ ರುಜು ಇದೆ. ಇಡೀ ದೇಶದ ಹೆಸರಿನಲ್ಲಿ ಮಾತಾಡುವ ಪುಟದಲ್ಲೂ ಗೆರೆ ಎಳೆದವರು ಯಾರೆಂಬುದು ಅಳಿಸಿಲ್ಲ. ನಮ್ಮ ಕಾಲೇಜುಗಳಲ್ಲೋ ಮೂವರಿಗೂ ಒಂದೇ ಅಂಕ, ಮುಖಪುಟದಲ್ಲಿ ಅಕಾರಾದಿಯಾಗಿ ಹೆಸರು. ದುಡಿದವರಿಗೂ ದುಡಿಯದವರಿಗೂ ಒಂದೇ ಅಳತೆ ಎಂಬುದು ಅದರ ಸಣ್ಣ ದೋಷ. ಯಾವ ತೀರ್ಮಾನಕ್ಕೂ ಯಾರೂ ಹೊಣೆಯಲ್ಲ ಎಂಬುದು ದೊಡ್ಡದು. ಮುಂದಿನ ಸೆಮಿಸ್ಟರಿನಲ್ಲಿ ಅಧ್ಯಾಪಕರು ಲೋಗೊ ಜೊತೆಗೆ ಇನ್ನೊಂದು ಹಾಳೆಯನ್ನೂ ಕೇಳಲಿ: ಕೈಬಿಟ್ಟ ನಮೂನೆಗಳು ಯಾವುವು, ಯಾವ ಕಾರಣಕ್ಕೆ ಬಿಟ್ಟಿರಿ, ಹಾಗೆಂದವರು ಯಾರು ಎಂಬುದಕ್ಕೆ ಅವರವರದೇ ಸಹಿ. ಅರ್ಧದಷ್ಟು ಅಂಕ ಆ ಹಾಳೆಗೇ ಇರಲಿ.