ಭಾನುವಾರದ ಹಡಗು

ಸ್ಕಾಟ್ಲೆಂಡಿನ ವಾಯವ್ಯ ಕಡಲಲ್ಲಿ ಲೂಯಿಸ್ ಮತ್ತು ಹ್ಯಾರಿಸ್ ಎಂದು ಎರಡು ಹೆಸರು ಹೊತ್ತ ಒಂದೇ ದ್ವೀಪವಿದೆ. 2011ರ ಜನಗಣತಿಯ ಪ್ರಕಾರ ಅಲ್ಲಿರುವವರು ಸುಮಾರು 21,000 ಮಂದಿ. ಅದರ ಮುಖ್ಯ ಬಂದರಾದ ಸ್ಟಾರ್ನೊವೇಯಿಂದ ಎದುರು ದಡದ ಅಲ್ಲಪೂಲ್ ತಲುಪಲು ಹಡಗಿಗೆ ಮೂರು ಗಂಟೆಗೆ ತುಸು ಕಡಿಮೆ ಹಿಡಿಯುತ್ತದೆ. ದೊಡ್ಡಾಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ, ಮಣ್ಣಿಗೆ ಹೋಗುವವರು ಈ ಹಡಗನ್ನು ನೆಚ್ಚಿದ್ದಾರೆ. ಅಂಗಡಿಗೆ ಬರುವ ದಿನಸಿಯೂ ಇದರಲ್ಲೇ ಬರುತ್ತದೆ. ನಡೆಸುವುದು ಸ್ಕಾಟ್ಲೆಂಡ್ ಸರ್ಕಾರದ ಒಡೆತನದ ಕ್ಯಾಲೆಡೋನಿಯನ್ ಮ್ಯಾಕ್‌ಬ್ರೇನ್ ಕಂಪನಿ. ಈ ದಾರಿಯ ವೇಳಾಪಟ್ಟಿಯಲ್ಲಿ 2009ರ ಜುಲೈ 19ರವರೆಗೆ ಭಾನುವಾರವೇ ಇರಲಿಲ್ಲ. ಆ ದಿನ ಮೊದಲ ಭಾನುವಾರದ ಹಡಗು ಹೊರಟಾಗ ನೂರಾರು ಜನ ಬಂದರಿನಲ್ಲಿ ಸೇರಿ ಚಪ್ಪಾಳೆ ತಟ್ಟಿದರು; ಸ್ವಲ್ಪ ದೂರದಲ್ಲಿ ಒಂದು ಚಿಕ್ಕ ಗುಂಪು ನಿಂತು ಪ್ರಾರ್ಥಿಸಿತು. ಇಡೀ ಊರು ಪವಿತ್ರವೆಂದು ನಂಬಿದ ದಿನವನ್ನು ಸರ್ಕಾರದ ಹಡಗೂ ಪಾಲಿಸಬೇಕೇ ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ವ್ರತ ಹಿಡಿಯುವವರು ಮನುಷ್ಯರು, ದಾರಿಗೆ ವ್ರತವಿಲ್ಲ ಎಂಬುದು ನನ್ನ ನಿಲುವು. ಆದರೆ ಹಡಗಿನ ಪರ ವಾದಿಸಿದ ಹಲವರು ಎಣಿಸಿದಷ್ಟು ಸುಲಭವಾಗಿ ಈ ನಿಲುವನ್ನು ಸಮರ್ಥಿಸಲು ಬರುವುದಿಲ್ಲ.

ಏಕೆಂದರೆ ಬಿಟ್ಟುಕೊಡಬೇಕಾಗಿದ್ದ ವಸ್ತು ಸಣ್ಣದಲ್ಲ. ಲೂಯಿಸ್‌ನ ಬಹುಪಾಲು ಜನ ಪ್ರೆಸ್ಬಿಟೇರಿಯನ್ ಪಂಥದವರು. 1843ರಲ್ಲಿ ಸ್ಕಾಟ್ಲೆಂಡಿನ ಅಧಿಕೃತ ಚರ್ಚಿನಿಂದ ಸಿಡಿದು ಹುಟ್ಟಿದ ಫ್ರೀ ಚರ್ಚಿನ ಪ್ರಭಾವ ಅಲ್ಲಿ ಗಾಢವಾಗಿದೆ. ಅವರಿಗೆ ಭಾನುವಾರವೆಂದರೆ ಬೈಬಲಿನ ಹತ್ತು ಆಜ್ಞೆಗಳಲ್ಲಿ ಹೇಳಿರುವ ಸಬ್ಬತ್. ಅಂದು ಅಂಗಡಿಯ ಬಾಗಿಲು ತೆರೆಯುತ್ತಿರಲಿಲ್ಲ, ಒಗೆದ ಬಟ್ಟೆಯನ್ನೂ ಹೊರಗೆ ಹರವುತ್ತಿರಲಿಲ್ಲ. ಹೊರಗಿನ ಪತ್ರಿಕೆಗಳಿಗೆ ಇದು ವಿಚಿತ್ರವಾಗಿ ಕಂಡಿತು. ಆದರೆ ವಾರಕ್ಕೊಮ್ಮೆ ಇಡೀ ಊರು ಒಟ್ಟಾಗಿ ಕೆಲಸ ನಿಲ್ಲಿಸುವುದು, ಸಿರಿವಂತನ ದುಡಿಮೆಯೂ ಬಡವನ ದುಡಿಮೆಯೂ ಒಂದೇ ಗಂಟೆಗೆ ನಿಲ್ಲುವುದು, ಮನುಷ್ಯ ಕಂಡುಕೊಂಡ ದೊಡ್ಡ ವ್ಯವಸ್ಥೆಗಳಲ್ಲೊಂದು ಎಂದು ನಾನು ನಂಬುತ್ತೇನೆ. ಕಡಲಿನೊಂದಿಗೆ ಈ ಜನರ ಸಂಬಂಧವೂ ಹಗುರವಾದದ್ದಲ್ಲ. ಮೊದಲ ಮಹಾಯುದ್ಧ ಮುಗಿಸಿ ಹೊಸ ವರ್ಷಕ್ಕೆ ಮನೆಗೆ ಮರಳುತ್ತಿದ್ದ ನಾವಿಕರಿಗೆ ನಿತ್ಯದ ಅಂಚೆ ಹಡಗಿನಲ್ಲಿ ಜಾಗ ಸಾಲದೆ ನೌಕಾಪಡೆ ‘ಅಯೊಲೇರ್’ ಎಂಬ ನೌಕೆಯನ್ನು ಒದಗಿಸಿತು. 1919ರ ಜನವರಿ 1ರ ನಸುಕಿನಲ್ಲಿ ಅದು ಸ್ಟಾರ್ನೊವೇ ಬಂದರಿನ ಬಾಯಲ್ಲೇ ಬಂಡೆಗೆ ಬಡಿದು, ಸುಮಾರು ಇನ್ನೂರು ಜನ ಮನೆಯ ದೀಪ ಕಾಣುವಷ್ಟು ಹತ್ತಿರದಲ್ಲಿ ಸತ್ತರು. ಹಡಗಿನಲ್ಲಿ ಒಂದು ಸೀಟು ಸಿಗುವುದು, ಸಿಗದಿರುವುದು ಎಂದರೇನೆಂದು ಈ ದ್ವೀಪಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನ ವಾದಕ್ಕೆ ಮೊದಲ ಆಧಾರ ಪಕ್ಕದ ಸ್ಕೈ ದ್ವೀಪ. ಅಲ್ಲಿಗೆ 1965ರಲ್ಲಿ ಭಾನುವಾರದ ಫೆರಿ ಆರಂಭವಾದಾಗ ಆಂಗಸ್ ಸ್ಮಿತ್ ಎಂಬ ಪಾದ್ರಿ ಇಳಿದಾಣದಲ್ಲಿ ವಾಹನಗಳಿಗೆ ಅಡ್ಡ ಮಲಗಿದರು. ಪ್ರತಿಭಟಿಸಿದ ಹಲವರನ್ನು ಪೊಲೀಸರು ಬಂಧಿಸಿದರು. ಮೂವತ್ತು ವರ್ಷಗಳ ನಂತರ, 1995ರಲ್ಲಿ, ಅದೇ ಜಲಸಂಧಿಗೆ ಸೇತುವೆ ಬಂತು. ಸೇತುವೆ ವಾರದ ಏಳೂ ದಿನ ತೆರೆದಿರುತ್ತದೆ. ಭಾನುವಾರ ಅದರ ಮೇಲೆ ಹೋಗುವುದು ಬಿಡುವುದು ಹೋಗುವವನ ಆತ್ಮಸಾಕ್ಷಿಗೆ ಸೇರಿದ್ದು. ಅದೇ ನೀರು, ಅದೇ ಎರಡು ದಡ, ಅದೇ ಜನ. ನೆಲದ ಮೇಲಿನ ಊರಿಗೆ ದಾರಿ ಎಂಬುದು ತಾನಾಗಿ ಇರುತ್ತದೆ. ದ್ವೀಪಕ್ಕೆ ಅದನ್ನು ಪ್ರತಿದಿನ ಯಾರಾದರೂ ನಡೆಸಿಕೊಡಬೇಕು. ಭೂಗೋಳದ ಈ ಅನ್ಯಾಯವನ್ನು ಸರಿದೂಗಿಸಲೆಂದೇ ಸರ್ಕಾರ ಸಾರ್ವಜನಿಕರ ಹಣ ಹಾಕಿ ಹಡಗು ಓಡಿಸುವುದು. ಶನಿವಾರದ ಹಡಗು ಬಿರುಗಾಳಿಗೆ ರದ್ದಾದರೆ ಲೂಯಿಸ್‌ನವನು ಸೋಮವಾರದವರೆಗೆ ಅಲ್ಲಪೂಲ್‌ನಲ್ಲೇ ಉಳಿಯಬೇಕಿತ್ತು. ಅಲ್ಲದೆ 2002ರಿಂದಲೇ ಸ್ಟಾರ್ನೊವೇಗೆ ಭಾನುವಾರ ವಿಮಾನ ಹಾರುತ್ತಿತ್ತು. ಅಂದರೆ ವಿಮಾನದ ಟಿಕೆಟ್ಟಿಗೆ ಹಣವಿದ್ದವನಿಗೆ ದಾರಿ ತೆರೆದಿತ್ತು, ಕಾರಿನ ತುಂಬ ಮಕ್ಕಳನ್ನು ಕೂರಿಸಿಕೊಂಡು ಹಡಗಿಗೆ ಕಾದವನಿಗೆ ಮುಚ್ಚಿತ್ತು. ಬಡವನ ಮೇಲೆ ಮಾತ್ರ ಬೀಳುವ ಪಾವಿತ್ರ್ಯವನ್ನು ಆ ಹತ್ತು ಆಜ್ಞೆಗಳ ದೇವರು ಕೇಳಿದ್ದಾನೆಂದು ಒಪ್ಪುವುದು ಕಷ್ಟ. ಕಂಪನಿ ಕೊನೆಗೆ ಮುಂದಿಟ್ಟ ಕಾರಣ ಕಾನೂನಿನದು: ಧಾರ್ಮಿಕ ನಂಬಿಕೆಯ ಆಧಾರದಲ್ಲಿ ಸೇವೆ ನಿರಾಕರಿಸುವುದು 2006ರ ಸಮಾನತೆ ಕಾಯ್ದೆಗೆ ವಿರುದ್ಧವಾದೀತು ಎಂಬುದು. ಕಾಯ್ದೆಯ ಮಾತು ನ್ಯಾಯಾಲಯಕ್ಕೆ ಸಾಕು, ಮನಸ್ಸಾಕ್ಷಿಗೆ ಸಾಲದು. ಹಾಗಾಗಿ ಆಕ್ಷೇಪಗಳನ್ನು ಧರ್ಮದ ನೆಲೆಯಲ್ಲೇ ಎದುರಿಸಬೇಕು.

ಅವುಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದು: ಸೇತುವೆ ದುಡಿಯುವುದಿಲ್ಲ, ಹಡಗಿನವರು ದುಡಿಯುತ್ತಾರೆ. ಸಬ್ಬತ್ ಆಜ್ಞೆ ಮನೆಯ ಯಜಮಾನನೊಬ್ಬನಿಗೆ ಹೇಳಿದ್ದಲ್ಲ. ಆಳುಕಾಳು, ದನಕರು, ಊರಿಗೆ ಬಂದ ಪರದೇಶಿ ಎಲ್ಲರಿಗೂ ಬಿಡುವು ಸಿಗಬೇಕೆಂದು ಅದು ಸ್ಪಷ್ಟವಾಗಿ ವಿಧಿಸುತ್ತದೆ. ಧರ್ಮೋಪದೇಶಕಾಂಡವಂತೂ ಇದಕ್ಕೆ ಕಾರಣವಾಗಿ ಈಜಿಪ್ಟಿನ ಗುಲಾಮಗಿರಿಯನ್ನೇ ನೆನಪಿಸುತ್ತದೆ. ನಾನು ಏಕಾದಶಿ ಮಾಡಿದರೆ ಪಕ್ಕದ ಮನೆಯ ಒಲೆ ಆರಿಸಬೇಕಿಲ್ಲ ಎಂದು ನಮ್ಮವರು ಸುಲಭವಾಗಿ ಹೇಳಿಬಿಡಬಹುದು. ಆದರೆ ಸಬ್ಬತ್ ಹಾಗೆ ಒಬ್ಬೊಬ್ಬರಾಗಿ ಹಿಡಿಯುವ ಉಪವಾಸವಲ್ಲ. ಇದಕ್ಕೆ ಉತ್ತರ ಆ ಪಂಥದ ಒಳಗೇ ಇದೆ. ಪ್ರೆಸ್ಬಿಟೇರಿಯನ್ನರು ಮಕ್ಕಳಿಗೆ ಕಲಿಸುವ, 1647ರಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ಪ್ರಶ್ನೋತ್ತರವೇ ಅನಿವಾರ್ಯದ ಕೆಲಸಕ್ಕೂ ಕರುಣೆಯ ಕೆಲಸಕ್ಕೂ ಆ ದಿನ ವಿನಾಯಿತಿ ಕೊಟ್ಟಿದೆ. ದಾದಿಯರು ಭಾನುವಾರ ಆಸ್ಪತ್ರೆಯಲ್ಲಿ ದುಡಿಯುವುದನ್ನು ಲೂಯಿಸ್‌ನಲ್ಲೂ ಯಾರೂ ಪಾಪವೆನ್ನಲಿಲ್ಲ. ಉಳಿಯುವ ಪ್ರಶ್ನೆ ಒಂದೇ: ದಾಟುವುದು ಅನಿವಾರ್ಯವೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು? ದಡದಲ್ಲಿ ನಿಂತವನ ಅವಸರವನ್ನು ಇನ್ನೊಬ್ಬರು ಅಳೆಯಲಾರರು. ತಾಯಿಯ ಕೊನೆಯ ಉಸಿರಿಗೆ ಓಡುತ್ತಿರುವವನೂ ಸುಮ್ಮನೆ ತಿರುಗಾಟಕ್ಕೆ ಹೊರಟವನೂ ಟಿಕೆಟ್ ಕಿಟಕಿಯ ಮುಂದೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಮೊದಲನೆಯವನಿಗಾಗಿ ಹಡಗು ಹೊರಡಬೇಕು. ಎರಡನೆಯವನ ಲೆಕ್ಕ ಅವನಿಗೂ ಅವನ ದೇವರಿಗೂ ಬಿಟ್ಟದ್ದು.

ನಮ್ಮ ಪರಂಪರೆಯೂ ಇದೇ ವಿವೇಕವನ್ನು ಬೇರೊಂದು ಕಡೆಯಿಂದ ತಲುಪಿದೆ. ಕೌಟಿಲ್ಯನ ಅರ್ಥಶಾಸ್ತ್ರ ದೋಣಿಗಳ ಮೇಲ್ವಿಚಾರಕನಾದ ನಾವಧ್ಯಕ್ಷನ ಕರ್ತವ್ಯಗಳನ್ನು ಹೇಳುವಲ್ಲಿ ಮಕ್ಕಳು, ಮುದುಕರು, ರೋಗಿಗಳು, ಗರ್ಭಿಣಿಯರು ಮೊದಲಾದವರನ್ನು ಮುದ್ರೆಯೊತ್ತಿದ ರಹದಾರಿ ಕೊಟ್ಟು ಪುಕ್ಕಟೆಯಾಗಿ ದಾಟಿಸಬೇಕೆನ್ನುತ್ತದೆ. ಗರ್ಭಿಣಿಯಿಂದ ದೋಣಿಸುಂಕ ಕೇಳಕೂಡದೆಂದು ಮನುಸ್ಮೃತಿಯಲ್ಲೂ ಇದೆ. ಜಾತಿಯ ವಿಷಯದಲ್ಲಿ ನಾವು ಒಪ್ಪಲಾಗದ ಎಷ್ಟೋ ಮಾತಾಡುವ ಗ್ರಂಥಗಳಿವು. ಆದರೂ ದೋಣಿಯ ಮುಂದೆ ನಿಂತ ಅಸಹಾಯಕರನ್ನು ಅವೂ ಮರೆಯಲಿಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ದೋಣಿಗೆ ಹುಟ್ಟು ಹಾಕುವುದನ್ನೇ ಕಾಯಕವಾಗಿ ಹಿಡಿದ ಅಂಬಿಗರ ಚೌಡಯ್ಯನಿದ್ದ. ಕಾಯಕವೇ ಪೂಜೆಯೆಂದು ನಂಬಿದ ದೃಷ್ಟಿಗೆ, ದಾಟಿಸುವ ಕೆಲಸ ದೇವರ ದಿನವನ್ನು ಕೆಡಿಸುತ್ತದೆ ಎಂಬ ಮಾತೇ ಅರ್ಥವಾಗುವುದಿಲ್ಲ. ಆದರೂ ಬಸವಾದಿ ಶರಣರ ಅಳತೆಗೋಲು ಹಿಡಿದು ಲೂಯಿಸ್‌ನ ಜನರನ್ನು ಅಳೆಯುವುದು ನ್ಯಾಯವಲ್ಲ. ಅವರದೇ ಪ್ರಶ್ನೋತ್ತರ ಕೊಡುವ ವಿನಾಯಿತಿಯ ಮೇಲೆ ಈ ವಾದ ನಿಂತರೆ ಸಾಕು.

ಎರಡನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮೌನ ಹಂಚಿಕೊಂಡಾಗಲೇ ಮೌನ. ಹತ್ತು ಮನೆ ಸುಮ್ಮನಿದ್ದು ಹನ್ನೊಂದನೆಯ ಮನೆಯಲ್ಲಿ ಸದ್ದಾದರೆ ಉಳಿದ ಹತ್ತಕ್ಕೂ ಅದು ಇಲ್ಲವಾಗುತ್ತದೆ. ‘ನಿನಗೆ ಬೇಡವಾದರೆ ನೀನು ಹತ್ತಬೇಡ’ ಎಂಬ ಉತ್ತರ ಆ ಹತ್ತು ಮನೆಗಳ ನಷ್ಟವನ್ನು ಕಾಣುವುದೇ ಇಲ್ಲ. 2009ರ ನಂತರ ಲೂಯಿಸ್‌ನಲ್ಲಿ ಏನೋ ಒಂದು ಕಳೆದುಹೋಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಮೌನಕ್ಕೆ ಬೆಲೆ ತೆತ್ತವರಲ್ಲಿ ಅದನ್ನು ಬಯಸದವರೂ ಇದ್ದರು. ಎದುರು ದಡದಲ್ಲಿ ಸಿಕ್ಕಿಬಿದ್ದವರೂ, ಬೇರೆ ನಂಬಿಕೆಯವರೂ, ನಂಬಿಕೆಯೇ ಇಲ್ಲದವರೂ ಅದೇ ದ್ವೀಪದ ಮಕ್ಕಳು. ಅದೇ ದ್ವೀಪಮಾಲೆಯ ದಕ್ಷಿಣಕ್ಕಿರುವ ಸೌತ್ ಯೂಯಿಸ್ಟ್, ಬಾರಾ ದ್ವೀಪಗಳಲ್ಲಿ ಕ್ಯಾಥೊಲಿಕರೇ ಹೆಚ್ಚು. ಅವರೂ ಕ್ರೈಸ್ತರೇ, ಭಾನುವಾರ ಅವರಿಗೂ ಪೂಜೆಯ ದಿನವೇ. ಆದರೆ ಅಂದು ಇಷ್ಟು ಕಟ್ಟುನಿಟ್ಟಿನ ವಿರಾಮ ಅವರಲ್ಲಿಲ್ಲ. ಒಂದೇ ಧರ್ಮದ ಒಳಗೆ ಇಷ್ಟು ಭೇದವಿರುವಾಗ ಎಲ್ಲರ ತೆರಿಗೆಯಿಂದ ನಡೆಯುವ ಹಡಗು ಒಂದು ವ್ಯಾಖ್ಯಾನವನ್ನು ಆಚರಿಸತೊಡಗಿದರೆ ಉಳಿದವರಿಗೆ ದಾರಿಯೇ ಇಲ್ಲವಾಗುತ್ತದೆ. ನಷ್ಟ ಎರಡೂ ಕಡೆ ಇದೆ. ಮೌನ ಕಳೆದುಕೊಂಡವನಿಗೆ ಅದನ್ನು ತನ್ನ ಮನೆಯಲ್ಲಿ, ಚರ್ಚಿನಲ್ಲಿ ಒಂದಷ್ಟಾದರೂ ಉಳಿಸಿಕೊಳ್ಳಲು ಸಾಧ್ಯ. ದಾರಿ ಕಳೆದುಕೊಂಡವನು ಕಡಲನ್ನು ಈಜಿ ದಾಟಲಾರ.

ಒಂದು ಬಾಗಿಲು ತೆರೆದರೆ ಎಲ್ಲ ಬಾಗಿಲೂ ತೆರೆದುಕೊಳ್ಳುತ್ತವೆ ಎಂಬ ಎಚ್ಚರಿಕೆಯೂ ಆಗ ಕೇಳಿಬಂದಿತ್ತು, ಅದು ನಿಜವೂ ಆಯಿತು. 2018ರಲ್ಲಿ ಸ್ಟಾರ್ನೊವೇಯ ಕಲಾಕೇಂದ್ರದಲ್ಲಿ ಭಾನುವಾರ ಸಿನಿಮಾ ತೋರಿಸಿದರು. 2024ರ ನವೆಂಬರಿನಲ್ಲಿ ಟೆಸ್ಕೊ ಸೂಪರ್‌ಮಾರ್ಕೆಟ್ ಭಾನುವಾರವೂ ತೆರೆಯಿತು. ಹಡಗಿನ ಪರ ಇದ್ದವರು ಇದನ್ನು ಮರೆಮಾಚಬಾರದು. ಆದರೆ ಹಡಗಿಗೆ ಕೊಟ್ಟ ಸಮ್ಮತಿ ಅಂಗಡಿಗೆ ತಾನಾಗಿ ಸಲ್ಲುವುದಿಲ್ಲ. ಬೇರೆ ದಾರಿ ಇದೆಯೇ ಎಂದು ಕೇಳಿದರೆ ಎರಡಕ್ಕೂ ಇರುವ ಅಂತರ ತಿಳಿಯುತ್ತದೆ: ಅಕ್ಕಿಯನ್ನು ಶನಿವಾರವೇ ಕೊಂಡಿಡಬಹುದು, ಸಾವನ್ನು ಸೋಮವಾರಕ್ಕೆ ಮುಂದೂಡಲಾಗದು. ಈ ಗೆರೆಯನ್ನು ಎಳೆಯದೆ ಹೋದದ್ದು ಊರಿನ ತಪ್ಪು, ಹಡಗಿನದಲ್ಲ. ವಿರೋಧಿಗಳು ಹಡಗಿಗೇ ಅಡ್ಡ ನಿಂತದ್ದರಿಂದ ಅಂಗಡಿಯ ಮುಂದೆ ನಿಲ್ಲಬೇಕಾದ ಹೊತ್ತಿಗೆ ಅವರ ಮಾತಿನ ತೂಕ ಕಡಿಮೆಯಾಗಿತ್ತು ಎಂದೇ ನನಗೆ ತೋರುತ್ತದೆ.

ಈಗ ಉಳಿದಿರುವುದು ಹಡಗಿನ ಕೆಲಸಗಾರನ ಹಕ್ಕು. ಸ್ಕಾಟ್ಲೆಂಡಿನ ಅಂಗಡಿ ನೌಕರರಿಗೆ ಭಾನುವಾರದ ದುಡಿಮೆ ಬೇಡವೆನ್ನುವ ಹಕ್ಕನ್ನು 2003ರ ಕಾಯ್ದೆಯೊಂದು ಕೊಟ್ಟಿದೆ. ಅದು ಅಂಗಡಿಯವರಿಗೂ ಬಾಜಿ ಕೇಂದ್ರದವರಿಗೂ ಮೀಸಲು. ಹಗ್ಗ ಕಟ್ಟುವವನಿಗೆ, ಎಂಜಿನ್ ನೋಡಿಕೊಳ್ಳುವವನಿಗೆ ಅದು ಅನ್ವಯಿಸುವುದಿಲ್ಲ. ಯಾರ ಬಿಡುವಿಗಾಗಿ ಆ ಆಜ್ಞೆ ಹುಟ್ಟಿತೋ ಆ ದುಡಿಯುವವನೇ ಕಾನೂನಿನ ಹೊರಗೆ ಉಳಿದಿದ್ದಾನೆ. ಹಡಗು ಭಾನುವಾರವೂ ಹೊರಡಲಿ. ಅದರಲ್ಲಿ ದುಡಿಯಲು ಯಾರ ಮನಸ್ಸಾಕ್ಷಿ ಒಪ್ಪುವುದಿಲ್ಲವೋ ಅವರಿಗೆ ಸಂಬಳ, ಬಡ್ತಿ ಯಾವುದಕ್ಕೂ ಕುಂದಿಲ್ಲದೆ ಬೇರೆ ಪಾಳಿ ಪಡೆಯುವ ಹಕ್ಕನ್ನು ಸ್ಕಾಟ್ಲೆಂಡ್ ಸರ್ಕಾರ ತನ್ನ ಒಡೆತನದ ಈ ಕಂಪನಿಯಲ್ಲಿ ಮೊದಲು ಬರೆದುಕೊಡಲಿ.