ಕಲ್ಲು ಬದಲಾದರೆ ಸಾನ್ನಿಧ್ಯ ಉಳಿಯುತ್ತದೆಯೇ?

ಕಬಕ, ಪುತ್ತೂರಿನ ಸುತ್ತಮುತ್ತ ಜೀರ್ಣೋದ್ಧಾರದ ಫಲಕ ಕಾಣದ ಊರು ಅಪರೂಪ. ಮುರಕಲ್ಲಿನ ಹಳೆಯ ಗುಡಿಯನ್ನು ಬಿಚ್ಚಿ ಶಿಲಾಮಯ ಗರ್ಭಗುಡಿ ಕಟ್ಟುತ್ತೇವೆ; ಆಮೇಲೂ ದೇವರು ಅವನೇ, ಕ್ಷೇತ್ರ ಅದೇ ಎನ್ನುತ್ತೇವೆ. ಈ ಮಾತಿಗೆ ಆಧಾರ ನಮ್ಮ ತಂತ್ರಿಗಳು ನಡೆಸುವ ಕ್ರಮದಲ್ಲೇ ಇದೆ. ಮೊದಲು ಅನುಜ್ಞಾಕಲಶದಲ್ಲಿ ದೇವರ ಅಪ್ಪಣೆ ಬೇಡುತ್ತಾರೆ. ಬಳಿಕ ಸಾನ್ನಿಧ್ಯವನ್ನು ಕಲಶಕ್ಕೆ ಸಂಕೋಚಗೊಳಿಸಿ ಬಾಲಾಲಯಕ್ಕೆ, ಅಂದರೆ ತಾತ್ಕಾಲಿಕ ಗುಡಿಗೆ, ಒಯ್ಯುತ್ತಾರೆ. ನಿತ್ಯಪೂಜೆ ಅಲ್ಲಿ ಮುಂದುವರಿಯುತ್ತದೆ. ಕೆಲಸ ಮುಗಿದ ಮೇಲೆ ಪುನಃಪ್ರತಿಷ್ಠೆ, ಬ್ರಹ್ಮಕಲಶ. ಗೋಡೆ ಇಳಿಸಬಹುದು, ಪೂಜೆ ನಿಲ್ಲಿಸಬಾರದು ಎಂಬುದು ಇದರ ಅರ್ಥ.

ಪೂಜೆಯೇ ನಿಂತುಹೋದರೆ? ಕರಾವಳಿಯ ಕ್ರೈಸ್ತರು ಅದನ್ನೂ ಕಂಡವರು. 1784ರಲ್ಲಿ ಟಿಪ್ಪು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದಾಗ ಮಂಗಳೂರಿನ 1680ರ ಮಿಲಾಗ್ರಿಸ್, ಕಾರ್ಕಳದ ಪಕ್ಕದ ಅತ್ತೂರಿನ 1759ರ ಇಗರ್ಜಿ ಎರಡೂ ನೆಲಸಮವಾದವು. ಬಹುಪಾಲು ನಾಶವಾದ ಇಗರ್ಜಿ ತನ್ನ ಪವಿತ್ರೀಕರಣವನ್ನು ಕಳೆದುಕೊಳ್ಳುತ್ತದೆ ಎಂದು ಇಂದಿನ ಕೆಥೋಲಿಕ್ ಧರ್ಮಸಭೆಯ ಕಾನೂನೇ ಹೇಳುತ್ತದೆ. ಆದರೂ ಅತ್ತೂರು ಅತ್ತೂರಾಗಿಯೇ ಉಳಿಯಿತು. 2016ರಲ್ಲಿ ಅದಕ್ಕೆ ಬಸಿಲಿಕಾ ಪದವಿ ಬಂತು. ಉಳಿಸಿದ್ದು ಜನ. ಸೆರೆಗೆ ಹೋದವರು ಪ್ರಾರ್ಥನೆಯನ್ನೂ ಊರಿನ ಹೆಸರನ್ನೂ ಜೊತೆಗೆ ಒಯ್ದಿದ್ದರು. ಬಾಲಾಲಯವೇ ಇಲ್ಲದ ಕಾಲದಲ್ಲಿ ಕಲಶವಾದವರು ಅವರೇ.

ಕಾರ್ಕಳದ್ದೇ ಚತುರ್ಮುಖ ಬಸದಿಯನ್ನು ತೋರಿಸಿ ಆಕ್ಷೇಪಿಸಬಹುದು. 1586ರ ಆ ಕಲ್ಲುಕಟ್ಟಡದ ನಾಲ್ಕೂ ದಿಕ್ಕಿಗೆ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು. ನಾನೂರು ವರ್ಷದ ಹಿಂದಿನ ಶ್ರಾವಕ ಮುಟ್ಟಿದ ಕಂಬವನ್ನೇ ಇಂದಿನವನೂ ಮುಟ್ಟುವಾಗ ಕಲ್ಲಿಗೆ ಬೆಲೆಯಿಲ್ಲವೆನ್ನುವುದು ಹೇಗೆ? ಬೆಲೆಯಿದೆ. ಆದರೆ ಕಟ್ಟಿಸಿದ ಇಮ್ಮಡಿ ಭೈರರಸನೇ ಕಲ್ಲನ್ನು ನಂಬಿ ಸುಮ್ಮನಿರಲಿಲ್ಲ. ನಿತ್ಯಪೂಜೆಗೆ ದತ್ತಿ ಬಿಟ್ಟು ಅದನ್ನು ಶಾಸನದಲ್ಲಿ ಬರೆಸಿದ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ: ಪಾವಿತ್ರ್ಯ ಕಲ್ಲಿನಲ್ಲಿಲ್ಲವಾದರೆ ಹಳೆಯದನ್ನೆಲ್ಲ ಕೆಡವಿದರೂ ನಷ್ಟವಿಲ್ಲ ಎಂದಾಗುವುದಿಲ್ಲವೇ? ಇಲ್ಲ. ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸುವ ಮಂತ್ರವಿದೆ, ಶಾಸನದ ಅಕ್ಷರವನ್ನು ಇಳಿಸುವ ಮಂತ್ರವಿಲ್ಲ. ಯಾರು ಕಟ್ಟಿದರು, ಯಾರು ಗದ್ದೆ ಬಿಟ್ಟರು ಎಂಬ ಸಾಕ್ಷಿ ಇರುವುದು ಆ ಕಲ್ಲಿನಲ್ಲಿ ಮಾತ್ರ. ಅದು ನಮಗಿಂತ ಮೊದಲು ಕೈಮುಗಿದವರ ಸ್ವತ್ತು. ಆದ್ದರಿಂದ ಜೀರ್ಣೋದ್ಧಾರ ಸಮಿತಿಗಳು ಅನುಜ್ಞಾಕಲಶದ ದಿನ ಗೊತ್ತುಮಾಡುವ ಮೊದಲೇ ಶಾಸನ ಓದಬಲ್ಲವರನ್ನು ಕರೆಸಿ, ಅಂಗಳದ ಮೆಟ್ಟಿಲುಗಲ್ಲು, ಬಾವಿಕಟ್ಟೆಯ ಕಲ್ಲುಗಳನ್ನೂ ಬಿಡದೆ ತೋರಿಸಬೇಕು.